ಮೂರನೆಯ ಪಿನ್ನು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.20

ಊಟದ ಡಬ್ಬಿ ಖಾಲಿ. ಇನ್ನೂ ನಲವತ್ತು ನಿಮಿಷ ಇದೆ. ಬೆಳಗ್ಗೆಯಿಂದ ಒಬ್ಬರೇ ಗಿರಾಕಿ, ಒಂದೇ ಬಣ್ಣ. ಒಡೆದ ಹೂಕುಂಡದ ಚೂರು ತಂದು "ಇದೇ ಬೇಕು, ಗೋಡೆಗೆ" ಎಂದರು. ಐದು ಸಲ ಬೆರೆಸಿದೆ. ಹಳದಿ ಎರಡು ಹನಿ ಹೆಚ್ಚಾದರೆ ಕುಂಡ ಹೋಗಿ ಕುಂಬಳಕಾಯಿ ಆಗುತ್ತದೆ. ಐದನೆಯದಕ್ಕೆ ತಲೆಯಾಡಿಸಿದರು. ಈ ಬಣ್ಣದ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಬಣ್ಣ ಹೊಂದಿಸಿ ಕಣ್ಣು ಪಳಗಿದೆ. ಕಿವಿಯದ್ದೇ ತಕರಾರು.

ನಿನ್ನೆ ಪ್ರಾಕ್ಟೀಸಿನಲ್ಲಿ ನನ್ನ ಗಿಟಾರಿನ ಸದ್ದು ಏರಿಸುವ ಆಂಪ್ ಸತ್ತಿತು. ಹಾಡಿನ ಮಧ್ಯೆ ಪಟ್ ಎಂದಿತು, ಸುಟ್ಟ ಪ್ಲಾಸ್ಟಿಕ್ ವಾಸನೆ, ಮುಗಿಯಿತು. ಹಲ್ಲು ಡಾಕ್ಟ್ರು ಡ್ರಮ್ಮಿನ ಹಿಂದಿನಿಂದ ಎದ್ದು ಬಂದು ಅದರ ನೆತ್ತಿ ಮುಟ್ಟಿ, "ಬೇರು ಸಮೇತ ಹೋಗಿದೆ, ಕೀಳೋದೇ" ಎಂದರು. ಬಸ್ಸಣ್ಣ ಬಿದ್ದು ಬಿದ್ದು ನಕ್ಕ. ಅವನ ನಿಜವಾದ ಹೆಸರು ನಮಗೇ ಮರೆತುಹೋಗಿದೆ. ಹಗಲು ಬಸ್ ಓಡಿಸುತ್ತಾನೆ, ಸಂಜೆ ಬೇಸ್ ಗಿಟಾರ್ ಬಾರಿಸುತ್ತಾನೆ... ಇನ್ನೇನೆಂದು ಕರೆಯುವುದು.

ಏಪ್ರಿಲ್ 5ಕ್ಕೆ ಅವನ ಡಿಪೋದ ವಾರ್ಷಿಕ ಕೂಟ. ಒಪ್ಪಿಕೊಂಡಾಗಿದೆ. ನಾವು ಮೂರೇ ಜನ. ಗಿಟಾರೂ ನಾನೇ, ಹಾಡೂ ನಾನೇ. ಆಂಪ್ ಇಲ್ಲದೆ ಹೋದರೆ ಬಸ್ಸಿನ ಹಾರನ್ನೇ ಗತಿ.

ಎಂಥ ಟೋನ್ ಬೇಕು ಎಂಬುದು ಗೊತ್ತು, ಹೇಳಲು ಬರುವುದಿಲ್ಲ. ಮೆಲ್ಲಗೆ ಮೀಟಿದರೆ ತಿಳಿಯಾಗಿರಬೇಕು. ಒತ್ತಿ ಮೀಟಿದರೆ ಅಂಚಿನಲ್ಲಿ ಸ್ವಲ್ಪವೇ ಒಡೆಯಬೇಕು, ಅಳು ನುಂಗಿ ಮಾತಾಡುವವರ ಗಂಟಲಿನ ಹಾಗೆ. ಪೂರ್ತಿ ಒಡೆಯಬಾರದು. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೇನೆ.

ಮಾರ್ಚ್ 8, ಶನಿವಾರ. ಸಂಜೆ

ಏನಾಯಿತೋ ಇನ್ನೂ ಅರ್ಥವಾಗಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅತ್ತೆಗೆ ಇವತ್ತು ಕಣ್ಣಿನ ಆಸ್ಪತ್ರೆ. ಗಂಡನಿಗೆ ಲಿಫ್ಟ್ ರಿಪೇರಿ ಡ್ಯೂಟಿ. ಯಾವುದೋ ಕಟ್ಟಡದ ಲಿಫ್ಟು ಏಳನೇ ಮಹಡಿಯಲ್ಲಿ ಕೂತುಬಿಟ್ಟಿತ್ತಂತೆ. ಹಾಗಾಗಿ ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ಹನಿ ಹಾಕಿದ್ದರು, ಕಪ್ಪು ಕನ್ನಡಕ ಕೊಟ್ಟಿದ್ದರು. ವಾಪಸ್ ಬರುವ ದಾರಿಯಲ್ಲೇ ಮ್ಯೂಸಿಕ್ ಶೋರೂಂ. "ಹತ್ತು ನಿಮಿಷ ಅತ್ತೆ" ಎಂದೆ. "ನನಗೇನು, ಕೂತ್ಕೋತೀನಿ" ಎಂದರು. ಮೂಲೆಯ ಸ್ಟೂಲಿನ ಮೇಲೆ, ಮಡಿಲಲ್ಲಿ ಕೈಚೀಲ. ಅರವತ್ತೇಳು ವರ್ಷ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತಿದ್ದೂ ಹೀಗೆಯೇ ಇರಬೇಕು. ನೆಟ್ಟಗೆ.

ಮೊದಲನೆಯ ಆಂಪಿನಲ್ಲಿ ಇನ್ನೂರು ಬಗೆಯ ಸದ್ದು ತುಂಬಿಟ್ಟಿದ್ದಾರೆ. ಗುಂಡಿ ಒತ್ತಿದರೆ ಗುಹೆ, ಗುಂಡಿ ಒತ್ತಿದರೆ ಸ್ಟೇಡಿಯಂ. ಯಾವುದೂ ನನ್ನ ಗಿಟಾರಲ್ಲ. ಎರಡನೆಯದು ಬೀರುವಿನಷ್ಟು ದೊಡ್ಡದು, ಏರಿಸಿದರೆ ಮಾತ್ರ ಬಾಯಿ ಬಿಡುತ್ತದೆ, ಏರಿಸಿದರೆ ಡಿಪೋದ ಗಾಜು ಉಳಿಯುವುದಿಲ್ಲ. ಮೂರನೆಯದು ಚಿಕ್ಕದು, ಪರವಾಗಿಲ್ಲ. ಆದರೆ ಚುಚ್ಚುತ್ತಿತ್ತು. ಸದ್ದು ಒಡೆಸುವ ಗೇನ್ ಗುಂಡಿ ಏರಿಸಿದೆ, ಚೂಪು ಸದ್ದಿನ ಟ್ರೆಬಲ್ ಏರಿಸಿದೆ, ಇನ್ನೂ ಚುಚ್ಚಿತು.

"ಟ್ರೆಬಲ್ ಇಳ್ಸು."

ಸೇಲ್ಸಿನಾತನೇ ಹೇಳಿದ ಎಂದುಕೊಂಡು ತಿರುಗಿದೆ. ಅವನು ಬಾಗಿಲ ಬಳಿ ಫೋನಿನಲ್ಲಿದ್ದ.

"ಮಿಡ್ ಅರ್ಧಕ್ಕೆ ತಾ," ಎಂದರು ಅತ್ತೆ. ಕಪ್ಪು ಕನ್ನಡಕ ಗೋಡೆಯ ಕಡೆಗೇ ಇತ್ತು. "ಗೇನ್ ಅಷ್ಟು ಬೇಡ. ವಾಲ್ಯೂಮನ್ನೇ ಏರ್ಸು. ಜಾಸ್ತಿ ಆಯ್ತು ಅಂದ್ರೆ ಗಿಟಾರಲ್ಲಿರೋ ಗುಂಡಿ ತಗ್ಗಿಸ್ಕೋ."

ಹಾಗೆಯೇ ಮಾಡಿದೆ. ಚುಚ್ಚುವುದು ನಿಂತಿತು. ಒತ್ತಿ ಮೀಟಿದೆ, ಅಂಚು ಒಡೆಯಿತು. ಪೂರ್ತಿ ಅಲ್ಲ, ಹತ್ತಿರ.

ಬಾಯಿ ತೆರೆದುಕೊಂಡೇ ನಿಂತಿದ್ದೆ. ಮದುವೆಯಾಗಿ ಹದಿಮೂರು ವರ್ಷ. ನಾನು ಬಾರಿಸುವಾಗ ಅತ್ತೆ ಒಮ್ಮೆಯೂ ಆ ಕೋಣೆಗೆ ಬಂದವರಲ್ಲ. ಸದ್ದು ಹಿಡಿಸುವುದಿಲ್ಲ ಎಂದುಕೊಂಡಿದ್ದೆ.

"ಅತ್ತೆ, ಇದೆಲ್ಲ ನಿಮಗೆ—"

"ರೇಡಿಯೋದಲ್ಲಿ ಯಾರೋ ಹೇಳ್ತಿದ್ರು. ನಡಿ, ಕಣ್ಣು ಉರೀತಿದೆ."

ಯಾವ ರೇಡಿಯೋ? ನಮ್ಮ ಮನೆಯಲ್ಲಿ ರೇಡಿಯೋವೇ ಇಲ್ಲ. ಇವರಿಗೆ ಹೇಳಿದೆ. "ಅಮ್ಮನಾ? ಸುಮ್ನಿರು" ಎಂದು ನಕ್ಕರು. ಅತ್ತೆಯ ಕೋಣೆಯಲ್ಲಿ ಅವರ ತಮ್ಮನ ಫೋಟೋ ಇದೆ, ಮೈಕ್ ಹಿಡಿದು ನಗುತ್ತಿರುವುದು. ಹಾಡುತ್ತಿದ್ದರಂತೆ. ಇಪ್ಪತ್ತೊಂದಕ್ಕೇ ಹಾರ್ಟ್ ಎಂದು ಹೋದರಂತೆ, ಇವರು ಹುಟ್ಟುವ ಮೊದಲೇ. ತಮ್ಮನ ಜೊತೆ ಓಡಾಡಿ ಕಲಿತಿರಬಹುದು ಎಂದು ಇವರ ವಾದ. ಇರಬಹುದು.

ಮಾರ್ಚ್ 11, ಮಂಗಳವಾರ. ರಾತ್ರಿ ಊಟಕ್ಕೆ ಮುಂಚೆ

ಸಿಕ್ಕಿತು!!

ಬೆಸುಗೆ ಮೇಷ್ಟ್ರ ಶೆಡ್ಡಿನಲ್ಲಿ. ಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು, ಈಗ ರಿಟೈರಾಗಿ ಹಳೆಯ ರೇಡಿಯೋ, ಆಂಪ್ ಬಿಚ್ಚಿ ಕೂರುತ್ತಾರೆ. ಸತ್ತದ್ದನ್ನು ತೋರಿಸಲು ಹೋಗಿದ್ದೆ. ಮೂಲೆಯಲ್ಲಿ ಗಾಜಿನ ವಾಲ್ವುಗಳಿರುವ ಒಂದು ಹಳೆಯ ಆಂಪ್, ಸೂಟ್‌ಕೇಸಿನ ಗಾತ್ರ, ಮುಂದಿನ ಬಟ್ಟೆ ಹರಿದಿದೆ. ಆನ್ ಮಾಡಿದರೆ ತಕ್ಷಣ ಏನೂ ಇಲ್ಲ. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಬೇಕು. ಆಮೇಲೆ ಒಂದೇ ತಂತಿ ಮೀಟಿದೆ.

ಇದೇ.

ಟ್ರೆಬಲ್ ಇಳಿಸಿ, ಮಿಡ್ ಅರ್ಧಕ್ಕೆ ತಂದೆ. ಮೇಷ್ಟ್ರು ಬೆಸುಗೆ ಕಡ್ಡಿ ಕೆಳಗಿಟ್ಟು ಕೇಳಿದರು. ನನ್ನ ಕಣ್ಣು ತುಂಬಿದ್ದು ಅವರಿಗೆ ಕಂಡಿರಬೇಕು, ತಿರುಗಿ ಸ್ಕ್ರೂ ಹುಡುಕತೊಡಗಿದರು.

"ಒಂದು ವಾರ ಬಿಟ್ಟು ತಗೊಂಡ್ಹೋಗಿ," ಎಂದರು. "ಹಳೇದು. ಒಳಗೆ ಏನೇನಿದೆ ನಾನಿನ್ನೂ ಪೂರ್ತಿ ನೋಡಿಲ್ಲ."

"ನಾಳೇನೇ ಪ್ರಾಕ್ಟೀಸ್ ಇದೆ ಮೇಷ್ಟ್ರೇ. ಡಿಪೋ ಕೂಟ ಮುಗೀಲಿ, ಆಮೇಲೆ ಒಂದು ತಿಂಗಳು ಇಟ್ಕೊಳ್ಳಿ."

ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ತೊಡೆ ಜೋಮು ಹಿಡಿದಿದೆ. ಹಿಡಿಯಲಿ.

ಮಾರ್ಚ್ 12, ಬುಧವಾರ. ರಾತ್ರಿ 8

ಗುಯ್ ಎನ್ನುತ್ತದೆ.

ಪ್ರಾಕ್ಟೀಸು ಹಲ್ಲು ಡಾಕ್ಟ್ರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಮೈಕು, ಸ್ಪೀಕರು, ಸೌಂಡ್ ಮಿಕ್ಸರು ಒಂದು ಗೋಡೆಗೆ. ನನ್ನ ಆಂಪ್ ಎದುರು ಗೋಡೆಗೆ. ಎರಡಕ್ಕೂ ಕೇಬಲ್ ಜೋಡಿಸಿದ ತಕ್ಷಣ ಜೇನುಗೂಡು ಎದ್ದ ಹಾಗೆ. ಮೆಲ್ಲಗೆ ಬಾರಿಸುವ ಜಾಗದಲ್ಲೆಲ್ಲ ಬರೀ ಅದೇ.

"ಇದಕ್ಕೆ ಹಮ್ ಅಂತಾರೆ," ಎಂದರು ಡಾಕ್ಟ್ರು.

"ಹಳೇ ಮಾಲು, ಹಮ್ಮು ಜಾಸ್ತಿ," ಎಂದ ಬಸ್ಸಣ್ಣ.

ಡಾಕ್ಟ್ರು ಡ್ರಾಯರಿನಿಂದ ಒಂದು ಕನ್ವರ್ಟರ್ ತಂದರು, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದು ಮಾಡುವಂಥದ್ದು. ದಪ್ಪ ಪಿನ್ನು, ಅರ್ಥ್‌ನದು, ಗೋಡೆಗೆ ತಾಗುವುದೇ ಇಲ್ಲ. "ಕಾಲೇಜಲ್ಲಿ ನಾವೆಲ್ಲ ಹೀಗೇ ಮಾಡ್ತಿದ್ವಿ." ಹಾಕಿದರು. ಗುಯ್ ಮಾಯ! ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಪಕ್ಕದ ನಲ್ಲಿ ಸೋರುವುದು ಕೇಳಿಸಿತು. ಎರಡು ಗಂಟೆ ಬಾರಿಸಿದೆವು. ಹನ್ನೊಂದು ವರ್ಷ ಎಲ್ಲಿದ್ದೆಯೇ ಮಾರಾಯ್ತಿ ಎಂದು ಆಂಪನ್ನೇ ಕೇಳಿದೆ.

ಮಾರ್ಚ್ 20, ಗುರುವಾರ. ಬೆಳಗ್ಗೆ 11.30

ಕೆಲಸಕ್ಕೆ ರಜೆ ಹೇಳಿದ್ದೇನೆ.

ನಿನ್ನೆ ಪ್ರಾಕ್ಟೀಸಿನಲ್ಲಿ ಹಾಡುತ್ತಾ ಮೈಕಿಗೆ ತುಟಿ ತಾಗಿತು. ಚುರುಕ್ ಎಂದಿತು. ಇರುವೆ ಕಚ್ಚಿದ ಹಾಗೆ. ಮತ್ತೊಮ್ಮೆ ತಾಗಿಸಿದೆ, ಮತ್ತೊಮ್ಮೆ ಚುರುಕ್. ಬಸ್ಸಣ್ಣ "ಮೈಕಿಗೂ ನಿಮ್ಮ ಹಾಡು ಸಾಕಾಗಿದೆ ಅಕ್ಕ" ಎಂದ. ನಕ್ಕೆವು. ದೂರ ನಿಂತು ಹಾಡಿ ಮುಗಿಸಿದೆ.

ಬೆಳಗ್ಗೆ ಟೀ ಕುಡಿಯುವಾಗ ಇದನ್ನೇ ತಮಾಷೆಯಾಗಿ ಹೇಳಿದೆ. ಇವರು ಆಗಲೇ ಹೊರಟುಹೋಗಿದ್ದರು. ನಾನು, ಅತ್ತೆ ಇಬ್ಬರೇ. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಚಾಕು ನಿಂತಿತು.

"ಗಿಟಾರು ಕೈಯಲ್ಲಿತ್ತಾ?"

"ಹೂಂ. ಬಾರಿಸ್ತಾನೇ ಅಲ್ವಾ ಹಾಡೋದು."

"ಆಂಪಿಗೆ ಅರ್ಥ್ ಇದೆಯಾ?"

"ಗುಯ್ ಅಂತಿತ್ತು ಅಂತ ಒಂದು ಕನ್ವರ್ಟರ್—"

ಅತ್ತೆ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಅಂಥ ಮುಖ ನಾನೆಂದೂ ನೋಡಿರಲಿಲ್ಲ. ಮಾವ ಹೋದ ದಿನವೂ ಅತ್ತೆಯ ಮುಖ ಹಾಗಿರಲಿಲ್ಲ.

"ಎಲ್ಲಿದೆ? ಈಗಲೇ ನಡಿ."

ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದರು. ಕ್ಲಿನಿಕ್ಕಿನಲ್ಲಿ ಡಾಕ್ಟ್ರು ಯಾರದೋ ಬಾಯಿಯೊಳಗೆ ಎರಡು ಕೈ ಹಾಕಿದ್ದರು. ಅತ್ತೆ ಪಕ್ಕದಿಂದಲೇ ಹಾದು ಹಿಂದಿನ ಕೋಣೆಗೆ ನುಗ್ಗಿದರು. ಮೊದಲು ಗೋಡೆಯ ಸ್ವಿಚ್ ಆಫ್. ಆಮೇಲೆ ಪ್ಲಗ್ ಹಿಡಿದು ಕಿತ್ತರು, ಕನ್ವರ್ಟರ್ ಬೇರೆ ಮಾಡಿದರು. ಅದನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು ಜಿಪ್ ಎಳೆದರು. ಆಮೇಲೆ ಚೀಲವನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಿಂತರು.

ಡಾಕ್ಟ್ರು ಗ್ಲೌಸಿನಲ್ಲೇ ಓಡಿ ಬಂದರು. "ಏನಾಯ್ತಮ್ಮಾ?"

"ಇದನ್ನ ಹಾಕಿದ್ದು ಯಾರು?"

"ನಾನೇ. ಏನೂ ಆಗಲ್ಲ, ನಾವೆಲ್ಲ ಕಾಲೇಜಲ್ಲಿ—"

"ನಿಮಗೆ ಮಕ್ಕಳಿದಾರಾ?"

ಡಾಕ್ಟ್ರು ಗ್ಲೌಸ್ ಬಿಚ್ಚಿದರು. ಆಚೆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಇದ್ದವರು ಏನೋ ಕೇಳಿದರು.

ಆಂಪನ್ನು ಅದೇ ಟ್ಯಾಕ್ಸಿಯಲ್ಲಿ ಬೆಸುಗೆ ಮೇಷ್ಟ್ರ ಶೆಡ್ಡಿಗೆ ಒಯ್ದೆವು. ಅವರು ಹಿಂಬದಿ ಬಿಚ್ಚಿ, ಮೀಟರಿನ ಕಡ್ಡಿ ಇಟ್ಟು ನೋಡಿದರು. ಇನ್ನೊಂದು ಕಡೆ ಇಟ್ಟರು. ಮೂಗಿನ ಹತ್ತಿರ ತಂದು ಮೂಸಿದರು.

"ಟ್ರಾನ್ಸ್‌ಫಾರ್ಮರ್ ಒಳಗೆ ಇನ್ಸುಲೇಶನ್ ಸುಟ್ಟಿದೆ. ಕರೆಂಟು ಡಬ್ಬಿಗೆ ಸೋರ್ತಿದೆ. ಡಬ್ಬಿಯಿಂದ ಕೇಬಲ್ಲು, ಕೇಬಲ್ಲಿಂದ ಗಿಟಾರಿನ ತಂತಿ. ಅರ್ಥ್ ಇದ್ದಿದ್ರೆ ಅದು ನೆಲಕ್ಕೆ ಹೋಗ್ತಿತ್ತು. ತೀರಾ ಹೆಚ್ಚಾದ್ರೆ ಫ್ಯೂಸ್ ಹಾರ್ತಿತ್ತು. ನೀವು ಆ ದಾರಿ ಮುಚ್ಚಿದ್ರಿ. ಹಾಗಾಗಿ ನಿಮ್ಮ ತುಟಿಯಿಂದ ಮೈಕಿಗೆ ದಾರಿ ಮಾಡ್ಕೊಂಡಿದೆ. ನಿನ್ನೆ ಸ್ವಲ್ಪ ಸೋರಿದೆ, ಚುರುಕ್ ಅಂದಿದೆ. ಇನ್ನೆರಡು ದಿನ ಬಿಸಿಯಾಗಿದ್ರೆ..."

ಅಷ್ಟಕ್ಕೇ ಮೀಟರ್ ಆಫ್ ಮಾಡಿದರು.

ಅತ್ತೆ ಕೇಳಿದರು, ತೀರಾ ಸಣ್ಣ ದನಿಯಲ್ಲಿ: "ಗುಯ್ ಅನ್ನೋದನ್ನ ನಿಲ್ಸೋಕೆ ಏನ್ ಮಾಡ್ಬೇಕಿತ್ತು?"

"ಅಯ್ಯೋ, ಅದಕ್ಕೇನಮ್ಮ. ಒಂದು ಈ ಗೋಡೆ, ಒಂದು ಆ ಗೋಡೆ ಅಂತ ಚುಚ್ಚಿದ್ರೆ ಗುಯ್ ಅನ್ನುತ್ತೆ. ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿದ್ರೆ ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತೆ."

"ಒಂದೇ ಬೋರ್ಡಿಗೆ."

"ಹೂಂ."

"ಅಷ್ಟೇನಾ?"

"ಅಷ್ಟೇ."

ಅತ್ತೆ ಶೆಡ್ಡಿನ ನೆಲದ ಮೇಲೆಯೇ ಕೂತುಬಿಟ್ಟರು. ತಂತಿ ಚೂರು, ಧೂಳು, ಯಾವುದೂ ನೋಡಲಿಲ್ಲ. ಮೇಷ್ಟ್ರು ನೀರು ತಂದರು. ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ.

ಈಗ ಕೋಣೆಯಲ್ಲಿ ಮಲಗಿದ್ದಾರೆ. ಬಾಗಿಲು ಹಾಕಿಕೊಂಡಿದ್ದಾರೆ. ನನ್ನ ತುಟಿಯನ್ನು ಎಷ್ಟು ಸಲ ಮುಟ್ಟಿಕೊಂಡೆನೋ.

ಮಾರ್ಚ್ 22, ಶನಿವಾರ. ಸಂಜೆ 5

ಕಣ್ಣಿನ ಆಸ್ಪತ್ರೆಗೆ ಎರಡನೇ ಸಲ. ನಮ್ಮ ಟೋಕನ್ 31. ಒಳಗೆ 12 ನಡೆಯುತ್ತಿತ್ತು. ಉದ್ದನೆಯ ಬೆಂಚು, ಎದುರು ಗೋಡೆಗೆ ಅಕ್ಷರದ ಚಾರ್ಟು. ಅತ್ತೆ ಚಾರ್ಟನ್ನೇ ನೋಡುತ್ತಾ ಶುರು ಮಾಡಿದರು. ನಾನು ಏನೂ ಕೇಳಿರಲಿಲ್ಲ.

"ಗಿಟಾರು ನಾನು ಬಾರಿಸ್ತಿದ್ದೆ. ತಮ್ಮ ಹಾಡ್ತಿದ್ದ. ನಾಲ್ಕು ವರ್ಷ. ಮದುವೆ ಮನೆ, ಕಾರ್ಖಾನೆ ಕೂಟ, ಕರೆದಲ್ಲಿಗೆ ಹೋಗ್ತಿದ್ವಿ. ನನ್ನ ಆಂಪ್ ನಿನ್ನದರ ಥರಾನೇ ಇತ್ತು. ಅದನ್ನ ಹುಡ್ಕೋಕೆ ಎಂಟು ತಿಂಗಳು ತಗೊಂಡಿದ್ದೆ."

ಹದಿನೈದು ಕರೆದರು.

"ಒಂದು ಹಾಲ್‌ನಲ್ಲಿ ಮೊದಲನೇ ಸಲ ಆಂಪ್ ಗುಯ್ ಅಂತು. ತಮ್ಮ ಹೇಳ್ದ, ಬಿಡಕ್ಕಾ, ಯಾರಿಗೂ ಕೇಳ್ಸಲ್ಲ ಅಂತ. ನನಗೆ ಕೇಳ್ಸುತ್ತಲ್ಲ ಅಂದೆ. ಕನ್ವರ್ಟರ್ ಹಾಕ್ದೆ. ನಿಂತೋಯ್ತು. ಎಷ್ಟು ಖುಷಿಯಾಯ್ತು ಗೊತ್ತಾ."

ಹತ್ತೊಂಬತ್ತು ಕರೆದರು. ಇಪ್ಪತ್ತು ಕರೆದರು.

"ಒಂದು ಹಾಡಲ್ಲಿ ಅವನದೊಂದು ಆಟ ಇತ್ತು. ಎಡಗೈಲಿ ಮೈಕು. ಹಾಡ್ತಾ ಹಾಡ್ತಾ ನನ್ನ ಹತ್ರ ಬಂದು ಬಲಗೈಲಿ ನನ್ನ ತಂತಿ ಝರ್ ಅಂತ ಎಳೀತಿದ್ದ. ನಾನು ಸಿಟ್ಟು ಬಂದ ಹಾಗೆ ಮಾಡ್ಬೇಕು. ಜನ ನಗ್ತಿದ್ರು. ಅವತ್ತೂ ನಕ್ರು. ಅವನು ಬಿದ್ದ ಮೇಲೂ ಸ್ವಲ್ಪ ಹೊತ್ತು ನಗ್ತಾನೇ ಇದ್ರು. ನಾನೂ ಸಿಟ್ಟು ಮಾಡ್ಕೊಂಡ ಮುಖದಲ್ಲೇ ನಿಂತಿದ್ದೆ."

"ಅತ್ತೆ..."

"ನನಗೇನೂ ಆಗ್ಲಿಲ್ಲ. ರಬ್ಬರ್ ಚಪ್ಪಲಿ ಹಾಕಿದ್ದೆ. ಮೈಕ್ ಮುಟ್ಟಿರ್ಲಿಲ್ಲ."

ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಮ್ಮ ಪಕ್ಕ ಬಂದು ಕೂತಳು. ಅತ್ತೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ:

"ಎಲ್ಲರೂ ಅವನ ಸುತ್ತ ಇದ್ರು. ಎದೆ ಒತ್ತುತ್ತಿದ್ರು. ನಾನು ಆಂಪಿನ ಹಿಂದಕ್ಕೆ ಹೋದೆ. ಕನ್ವರ್ಟರ್ ಕಿತ್ತು ಕೈಚೀಲಕ್ಕೆ ಹಾಕ್ಕೊಂಡೆ. ಪ್ಲಗ್ಗನ್ನ ನೇರ ಗೋಡೆಗೆ ಚುಚ್ಚಿದೆ. ಯಾರೂ ನೋಡ್ಲಿಲ್ಲ. ತಮ್ಮ ಇನ್ನೂ ಅಲ್ಲೇ ಬಿದ್ದಿದ್ದ, ನಾನು ಅದನ್ನ ಮಾಡ್ತಿದ್ದೆ."

"ಮೂವತ್ತೊಂದು!" ನರ್ಸ್ ಕೂಗಿದಳು.

ಎದ್ದು ಒಳಗೆ ಹೋದರು. ಚೀಲ ನನ್ನ ಮಡಿಲಲ್ಲಿ ಬಿಟ್ಟು. ಬಾಗಿಲ ಸಂದಿಯಿಂದ ಅಕ್ಷರ ಓದುವುದು ಕೇಳಿಸುತ್ತಿತ್ತು. ಒಂದೂ ತಪ್ಪಿಲ್ಲದೆ, ಕೊನೆಯ ಸಾಲಿನವರೆಗೆ.

ಬಸ್ಸಿನಲ್ಲಿ ಉಳಿದದ್ದು ಹೇಳಿದರು. ತನಿಖೆಯವರು ಬಂದು ನೋಡಿದರು. ಆಂಪಿನ ಪ್ಲಗ್ಗಿಗೆ ಮೂರು ಪಿನ್ನೂ ಇದೆ, ಗೋಡೆಗೆ ಸರಿಯಾಗಿ ಚುಚ್ಚಿದೆ. ಹಾಗಾದರೆ ಹಾಲ್‌ನ ಅರ್ಥಿಂಗೇ ಸರಿಯಿಲ್ಲ ಎಂದು ಬರೆದರು. ಹಾಲ್‌ನ ಎಲೆಕ್ಟ್ರಿಷಿಯನ್ ಮೇಲೆ ಕೇಸು. ಮೂವತ್ತೇಳು ವರ್ಷದ ಮನುಷ್ಯ, ಒಬ್ಬಳು ಚಿಕ್ಕ ಮಗಳು. ಒಂಬತ್ತು ತಿಂಗಳು ಜೈಲು. ಲೈಸೆನ್ಸ್ ಹೋಯಿತು. ಅತ್ತೆಯನ್ನು ಸಾಕ್ಷಿಗೆ ಕರೆದಿದ್ದರು. "ನನಗೇನೂ ಗೊತ್ತಿಲ್ಲ" ಎಂದು ಹೇಳಿ ಬಂದರು. ಆಮೇಲೆ ಊರು ಬಿಟ್ಟು ಇಲ್ಲಿಗೆ ಬಂದರು, ಅಂಚೆ ಕಚೇರಿ ಸೇರಿದರು, ಮದುವೆಯಾದರು. ತಮ್ಮನಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಹಾರ್ಟ್ ಎಂದರು.

ನಲವತ್ತನಾಲ್ಕು ವರ್ಷ.

ಅವರ ಕೈ ಸೀಟಿನ ಮೇಲೆ ನನ್ನ ಕೈಯ ಪಕ್ಕದಲ್ಲೇ ಇತ್ತು. ಹಿಡಿಯಬೇಕು ಎನಿಸಿತು. ಹಿಡಿಯಲಿಲ್ಲ. ಮೊನ್ನೆ ನನ್ನ ಜೀವ ಉಳಿಸಿದ ಕೈ ಅದು.

ಮಾರ್ಚ್ 23, ಭಾನುವಾರ

ಬರೆಯಲು ಕೂತೆ. ಆ ಮನುಷ್ಯನ ಮಗಳಿಗೆ ಆಗ ಎಷ್ಟು ವಯಸ್ಸಿತ್ತೋ... ಅದೇ ತಲೆಯಲ್ಲಿ ಸುತ್ತುತ್ತಿದೆ. ಇವರಿಗೆ ಹೇಳಲೋ ಬೇಡವೋ. ಅತ್ತೆ "ಅವನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ" ಎಂದಿದ್ದಾರೆ.

ಮಾರ್ಚ್ 29, ಶನಿವಾರ. ಬೆಳಗ್ಗೆ 7

ಸೋಮವಾರ ಹೇಳಿದರು. ಐದು ದಿನ ಈ ಪುಸ್ತಕ ಮುಟ್ಟಲು ಮನಸ್ಸಾಗಲಿಲ್ಲ.

ಇವರು ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದರು. ಅತ್ತೆ ಎದುರು ನಿಂತೇ ಎಲ್ಲ ಹೇಳಿ ಮುಗಿಸಿದರು, ಕೌಂಟರಿನಲ್ಲಿ ಫಾರಂ ತುಂಬುವುದು ಹೇಗೆಂದು ಹೇಳುವವರ ಹಾಗೆ, ಒಂದಾದ ಮೇಲೆ ಒಂದು. ಒಂದು ಕಾಲಿನ ಶೂ ಇವರ ಕೈಯಲ್ಲೇ ಇತ್ತು.

ಇವರ ವೃತ್ತಿಯೇ ಕರೆಂಟಿನದು. ಅರ್ಥ್ ನೋಡದೆ ಒಂದು ಬಲ್ಬೂ ಮುಟ್ಟುವವರಲ್ಲ. ಚಿಕ್ಕಂದಿನಲ್ಲಿ ಅಮ್ಮ ದಿನಾ ಮಲಗುವ ಮುಂಚೆ ಮನೆಯ ಪ್ಲಗ್ಗುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು, ಅದನ್ನು ನೋಡಿಯೇ ನಾನು ಈ ಕೆಲಸ ಕಲಿತೆ ಎಂದು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು.

ಕೈಯಲ್ಲಿದ್ದ ಶೂ ನೆಲಕ್ಕಿಟ್ಟು ಇವರು ಹೇಳಿದರು.

"ಪಿನ್ ತೆಗೆದಿದ್ದು ತಪ್ಪು ಅಮ್ಮ. ಅದನ್ನ ಯಾರಾದ್ರೂ ಮಾಡ್ತಾರೆ, ಇವಳೂ ಮಾಡಿದಾಳೆ. ಚೀಲಕ್ಕೆ ಹಾಕ್ಕೊಂಡಿದ್ದು..."

"ಗೊತ್ತು."

"ಆ ಮನುಷ್ಯ ಜೈಲಲ್ಲಿದ್ದಾಗ ನೀನು ಎಲ್ಲಿದ್ದೆ?"

"ಪರೀಕ್ಷೆ ಕಟ್ಟಿದ್ದೆ. ಅಂಚೆ ಕಚೇರಿದು."

ಇವರು ಬಿಚ್ಚಿದ ಶೂ ಮತ್ತೆ ಹಾಕಿಕೊಂಡು ಹೊರಟುಹೋದರು. ಒಂದು ಗಂಟೆ ಬಿಟ್ಟು ಬಂದರು. ಅವತ್ತಿನಿಂದ ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ. ಅತ್ತೆಗೆ ಏನಾದರೂ ಹೇಳಬೇಕಾದರೆ ಇವರು ನನಗೆ ಹೇಳುತ್ತಾರೆ. ಅತ್ತೆ ಎದುರಿಗೇ ಕೂತಿರುತ್ತಾರೆ.

ಡಿಪೋಗೆ ಬರುವುದಿಲ್ಲ ಎಂದು ಬಸ್ಸಣ್ಣನಿಗೆ ಫೋನ್ ಮಾಡಲು ಹೊರಟೆ. ಅತ್ತೆ ಫೋನು ಕಸಿದುಕೊಂಡರು. "ನನ್ನಿಂದ ಇನ್ನೊಂದು ಹಾಡು ನಿಲ್ಲೋದು ಬೇಡ."

ಏಪ್ರಿಲ್ 6, ಭಾನುವಾರ. ಬೆಳಗ್ಗೆ

ನಿನ್ನೆ ಡಿಪೋ ಮುಗಿಯಿತು. ಮೂರು ಗಂಟೆಗೆ ಶುರು. ಬಸ್ಸುಗಳನ್ನೆಲ್ಲ ಹೊರಗೆ ನಿಲ್ಲಿಸಿ, ರಿಪೇರಿ ಶೆಡ್ಡಿನಲ್ಲಿ ಸ್ಟೇಜು. ನೆಲಕ್ಕೆಲ್ಲ ಎಣ್ಣೆ ಜಿಡ್ಡು.

ಮೇಷ್ಟ್ರು ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿ ಕೊಟ್ಟಿದ್ದರು. ಎಲ್ಲವೂ ಒಂದೇ ಬೋರ್ಡಿಗೆ. ಒಂದು ಗಂಟೆಗೆ ಹೋಗಿ ನೋಡಿದರೆ, ಕರೆಯದೆಯೇ ಇವರು ಬಂದಿದ್ದಾರೆ! ಯೂನಿಫಾರಂನಲ್ಲಿ, ಮೀಟರ್ ಹಿಡಿದು ಸ್ಟೇಜಿನ ಮೇಲೆ ಮಂಡಿಯೂರಿದ್ದಾರೆ. ಒಂದೊಂದು ಸಾಕೆಟ್ಟೂ ನೋಡಿದರು. ಮೈಕಿಗೆ ಒಂದು ಕಡ್ಡಿ, ಗಿಟಾರಿನ ತಂತಿಗೆ ಒಂದು ಕಡ್ಡಿ ಇಟ್ಟು, ಮೀಟರನ್ನು ಕೆಳಗೆ ನಿಂತಿದ್ದ ಅತ್ತೆಯ ಕಡೆ ತಿರುಗಿಸಿ ಹಿಡಿದರು. ಸೊನ್ನೆ. ಅತ್ತೆ ಹತ್ತಿರ ಬಂದು ಓದಿ ತಲೆಯಾಡಿಸಿದರು. ಮಾತಿಲ್ಲ. ಆದರೂ ಹನ್ನೆರಡು ದಿನದಲ್ಲಿ ಅವರಿಬ್ಬರ ನಡುವೆ ನಡೆದದ್ದು ಅದೊಂದೇ.

ನಾನು ಗಿಟಾರನ್ನು ಅತ್ತೆಯ ಕಡೆ ಚಾಚಿದೆ. ಕೈ ಹಿಂದಕ್ಕೆ ಕಟ್ಟಿಕೊಂಡರು. "ಅದು ಬೇಡ. ನೀನು ಬಾರ್ಸು." ಆಂಪಿನ ಪಕ್ಕ ಕೂತು ಗುಂಡಿ ತಿರುಗಿಸಿದರು. ಕಣ್ಣು ಮುಚ್ಚಿ, ಕೂದಲೆಳೆಯಷ್ಟು ಈಚೆ, ಕೂದಲೆಳೆಯಷ್ಟು ಆಚೆ. ಖಾಲಿ ಶೆಡ್ಡು, ಎತ್ತರದ ತಗಡಿನ ಚಾವಣಿ, ಅದಕ್ಕೆ ತಕ್ಕ ಹಾಗೆ ಬೇಸ್ ತಗ್ಗಿಸಿದರು. "ಜನ ತುಂಬಿದ್ಮೇಲೆ ಇನ್ನೊಂಚೂರು ಮಿಡ್ ಬೇಕಾಗುತ್ತೆ. ಆಗ ಹೇಳ್ತೀನಿ." ಒತ್ತಿ ಮೀಟಿದೆ. ಒಡೆಯಬೇಕಾದಲ್ಲಿ ಒಡೆಯಿತು. ಹನ್ನೊಂದು ವರ್ಷದ ಹುಡುಕಾಟ, ಆ ತಗಡಿನ ಕೆಳಗೆ, ಪೂರ್ತಿ.

ಬಸ್ಸಣ್ಣ ಬೇಸ್ ಕೆಳಗಿಟ್ಟು "ಯಾರಕ್ಕಾ ಇವ್ರು?" ಎಂದ. ಹದಿಮೂರು ವರ್ಷದಿಂದ ಅವರನ್ನು ನೋಡುತ್ತಿದ್ದಾನೆ.

ಚೆನ್ನಾಗಿ ಹಾಡಿದೆ ಎಂದರು ಎಲ್ಲರೂ. ನನಗೆ ನೆನಪಿರುವುದು ಒಂದೇ. ಎರಡನೇ ಹಾಡಿನ ನಡುವೆ ಅತ್ತೆಯನ್ನು ಹುಡುಕಿದೆ. ಮೊದಲ ಸಾಲಿನಲ್ಲಿರಲಿಲ್ಲ. ಬೋರ್ಡಿನ ಪಕ್ಕ ನೆಲದ ಮೇಲೆ ಕೂತು, ಪ್ಲಗ್ಗಿನ ಮೇಲೆ ಕೈಯಿಟ್ಟುಕೊಂಡಿದ್ದರು. ಕೊನೆಯವರೆಗೂ ತೆಗೆಯಲಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಅತ್ತೆ ಹಿಂದಿನ ಸೀಟಿನಿಂದ ಹೇಳಿದರು: "ಅವರು ಬದುಕಿದಾರೋ ಇಲ್ವೋ, ಹುಡುಕ್ತೀನಿ."

ಇವರು ದಾರಿ ನೋಡುತ್ತಲೇ, "ಎಲೆಕ್ಟ್ರಿಷಿಯನ್ನರ ಸಂಘದಲ್ಲಿ ಬುಧವಾರಾನೇ ಕೇಳಿದೀನಿ. ಬದುಕಿದಾರೆ. ಎಂಬತ್ತೊಂದು. ಮಗಳ ಮನೇಲಿದಾರೆ" ಎಂದರು.

ಅಮ್ಮನಿಗೇ ಹೇಳಿದರು. ನನಗಲ್ಲ.

ಏಪ್ರಿಲ್ 13, ಭಾನುವಾರ. ಬೆಳಗ್ಗೆ 10.50

ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ. ಮೂರು ಗಂಟೆಯ ದಾರಿ. ಇವರು ಸ್ಟೀರಿಂಗ್ ಬಿಟ್ಟಿಲ್ಲ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷವಾಯಿತು.

ಕಿರಿದಾದ ಬೀದಿ, ಎರಡೂ ಕಡೆ ಅಂಟಿಕೊಂಡ ಮನೆಗಳು. ಹಸಿರು ಬಾಗಿಲು, ಬಿಸಿಲಿಗೆ ಬಣ್ಣ ಎದ್ದಿದೆ. ಬಾಗಿಲು ತೆರೆದದ್ದು ಮಗಳು, ಐವತ್ತರ ಹತ್ತಿರ, ಕೈಯಲ್ಲಿ ಒರೆಸುವ ಬಟ್ಟೆ. ಅತ್ತೆ ಏನೋ ಹೇಳಿದರು. ಒಳಗೆ ಕರೆದುಕೊಂಡಳು. ನಾವು ಬರುತ್ತೇವೆ ಎಂದರೆ ಅತ್ತೆ ಒಪ್ಪಿರಲಿಲ್ಲ. "ಅವತ್ತೂ ಒಬ್ಬಳೇ ಮಾಡಿದ್ದು."

ಬೀದಿಯ ಕಡೆಯ ಕಿಟಕಿ ತೆರೆದಿದೆ. ಮುದುಕರ ಬೆನ್ನು ಕಾಣುತ್ತದೆ, ಕುರ್ಚಿಯ ಮೇಲೆ. ಎದುರು ಅತ್ತೆ ನಿಂತಿದ್ದಾರೆ. ಕೂತಿಲ್ಲ.

ಅತ್ತೆಯ ತುಟಿ ಅಲ್ಲಾಡುತ್ತಿದೆ. ಇಲ್ಲಿಗೆ ಕೇಳಿಸುತ್ತಿಲ್ಲ. ಮುದುಕರು ಕಿವಿಗೆ ಕೈ ಹಿಡಿದರು. ಮಗಳ ದನಿ, ಜೋರಾಗಿ: "ಅವರಿಗೆ ಕಿವಿ ಕೇಳಲ್ಲಮ್ಮ. ಗಟ್ಟಿಯಾಗಿ ಹೇಳಿ."

ಅಯ್ಯೋ.

ಅತ್ತೆ ಸ್ವಲ್ಪ ಏರಿಸಿದರು. "ಪಿನ್ನು ತೆಗೆದಿದ್ದು ನಾನು." ಮುದುಕರು ತಲೆಯಲ್ಲಾಡಿಸಿದರು, ಕೇಳಿಸಲಿಲ್ಲ. ಇನ್ನೂ ಮುಂದಕ್ಕೆ ಬಾಗಿದರು.

"ಆ ಹಾಲ್‌ನಲ್ಲಿ ಅರ್ಥ್ ಪಿನ್ ತೆಗೆದಿದ್ದು ನಾನು! ನಿಮ್ಮದೇನೂ ತಪ್ಪಿರ್ಲಿಲ್ಲ!"

ಎದುರು ಮನೆಯವರು ಬಾಗಿಲಿಗೆ ಬಂದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಕಾಲು ಊರಿ ನಿಂತರು. ಅತ್ತೆ ಯಾವತ್ತೂ ದನಿ ಏರಿಸಿದವರಲ್ಲ. ಮಗಳ ಕೈಯಿಂದ ಬಟ್ಟೆ ಬಿತ್ತು. ಅವಳಿಗೆ ಅರ್ಥವಾಯಿತು. ಮುದುಕರಿಗೆ ಇನ್ನೂ ಇಲ್ಲ, ಮಗಳ ಮುಖ ನೋಡುತ್ತಿದ್ದಾರೆ, ಏನಂತೆ ಎಂದು.

ಮೂರನೇ ಸಲ. ಬೀದಿಗೆಲ್ಲ ಕೇಳುವ ಹಾಗೆ. ದನಿ ನಡುವೆ ಒಡೆಯಿತು, ನಿಲ್ಲಿಸಲಿಲ್ಲ: "ನಾನು ಸುಳ್ಳು ಹೇಳ್ದೆ! ನೀವು ಜೈಲಿಗೆ ಹೋಗಿದ್ದು ನನ್ನಿಂದ!"

ಇವರು ವ್ಯಾನಿನ ಬಾಗಿಲು ತೆರೆದು ಓಡಿದರು. ಮುಚ್ಚಲೂ ಇಲ್ಲ.

ಮುದುಕರು ಕುರ್ಚಿಯ ಕೈ ಹಿಡಿದು ಏಳುತ್ತಿದ್ದಾರೆ. ಎದ್ದರು. ಅತ್ತೆಗಿಂತ ಎತ್ತರ. ಅವರ ದನಿ, ಮೊದಲ ಸಲ:

"ಕೇಳಿಸ್ತು."

ಆಮೇಲೆ ಬರೆಯುತ್ತೇನೆ. ಇವರು ಬಾಗಿಲಲ್ಲೇ ನಿಂತಿದ್ದಾರೆ, ನಾನೂ ಇಳಿಯುತ್ತೇನೆ.